ಓರೆಯಾಗಿ ಕೂತ ಅಕ್ಷರ

ಮಾರ್ಚ್ ೧೧, ಮಂಗಳವಾರ
ಕಾಲೇಜಿನ ಎರಡನೇ ಮಹಡಿ, ಕಂಪ್ಯೂಟರ್ ಲ್ಯಾಬ್

ಎಕ್ಸ್‌-ರೇ ಓದುವಾಗ ಕಣ್ಣು ಎಂದೂ ತಪ್ಪದ ಡಾಕ್ಟರ್ ಸಾಹೇಬರಿಗೆ,

ಬೇರೆಯಾಗಿ ಮೂರು ವರ್ಷವಾದ ಮೇಲೆ ಹೆಂಡತಿಯ ಪತ್ರ ಬಂತೆಂದು ಹಿಗ್ಗಬೇಡಿ. ವಾಪಸ್ ಬರುತ್ತೇನೆಂದು ಬರೆಯುತ್ತಿಲ್ಲ. ನಿಮ್ಮ ಕೈಬರಹದ ಒಂದು ಪುಟ ನನಗೆ ಬೇಕಾಗಿದೆ. ನಿಮ್ಮ ಹತ್ತಿರ ಕೇಳಬೇಕಲ್ಲ ಎಂದು ಮೈಯೆಲ್ಲ ಉರಿಯುತ್ತಿದೆ, ಆದರೂ ಕೇಳುತ್ತಿದ್ದೇನೆ.

ನಲವತ್ತೊಂದನೇ ವಯಸ್ಸಿಗೆ ನಾನು ಕೃತಕ ಬುದ್ಧಿಮತ್ತೆಯ ಎಂ.ಎಸ್ಸಿ. ಸೇರಿದೆನೆಂದು ಕೇಳಿ ನಕ್ಕಿರಂತೆ. ಎಕ್ಸ್‌-ರೇ ಬಟನ್ ಒತ್ತೋಳಿಗೆ ಇದೆಲ್ಲ ಯಾಕಂತೆ ಅಂದಿರಂತೆ. ನಿಮ್ಮ ತಂಗಿಯೇ ಹೇಳಿದಳು. ಇಲ್ಲಿಗೆ ಬಂದು ನೋಡಿದ್ದರೆ ಇನ್ನೂ ಚೆನ್ನಾಗಿ ನಗುತ್ತಿದ್ದಿರಿ. ಚಕ್ರವಿರುವ ಇಪ್ಪತ್ತು ಕುರ್ಚಿಗಳು, ಅವುಗಳ ಮೇಲೆ ಇಪ್ಪತ್ತು ಮಹಾಬುದ್ಧಿವಂತರು. ನೀರಿನ ಕ್ಯಾನಿನವರೆಗೂ ಎದ್ದು ನಡೆಯದೆ ಕುರ್ಚಿ ಸಮೇತ ಉರುಳಿಕೊಂಡು ಹೋಗುತ್ತಾರೆ. ಎರಡು ವರ್ಷದಿಂದ ಎದೆಯ ಎಕ್ಸ್‌-ರೇ ಚಿತ್ರಗಳನ್ನೇ ನೋಡುತ್ತಿದ್ದರೂ ಒಬ್ಬ ಮೊನ್ನೆ, ಆಂಟಿ, ಹಾರ್ಟ್ ಯಾವ ಕಡೆ ಇರುತ್ತೆ ಅಂತ ಕೇಳಿದ. ಕೈ ಇಟ್ಟು ನೋಡ್ಕೊಳಪ್ಪ ಅಂದೆ. ಇವರ ಬಾಯಲ್ಲಿ ರೋಗಿ ಎಂಬ ಪದವೇ ಇಲ್ಲ, ಎಲ್ಲರೂ ಡೇಟಾ.

ಇವರಿಗೆಲ್ಲ ಗುರು ನನ್ನ ಗೈಡ್. ನಾವು ಅವರನ್ನು ‘ತೊಂಬತ್ತೆಂಟು’ ಎನ್ನುತ್ತೇವೆ. ಶ್ವಾಸಕೋಶದ ಗೆಡ್ಡೆಯನ್ನು ಅವರ ಯಂತ್ರ ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗಿ ಹಿಡಿಯುತ್ತದಂತೆ. ನಮಸ್ಕಾರ ಸಾರ್ ಅಂದರೂ ತೊಂಬತ್ತೆಂಟು ಅನ್ನುತ್ತಾರೆ. ಆ ಯಂತ್ರಕ್ಕೆ ಕಲಿಸಿದ್ದು ನಿಮ್ಮ ಆಸ್ಪತ್ರೆಯ ಹಳೆಯ ಚಿತ್ರಗಳಿಂದ, ಅಂದರೆ ನಾನು ಅಲ್ಲಿದ್ದಾಗ ತೆಗೆದವುಗಳಿಂದ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಅದೇ ಯಂತ್ರ ನಿಮ್ಮಲ್ಲಿ ಎದೆಯ ಚಿತ್ರ ಓದುತ್ತದೆ. ‘ಏನೂ ಇಲ್ಲ’ ಎಂದು ಅದು ಹೇಳಿದ್ದನ್ನು ಡಾಕ್ಟರು ನೋಡುವ ಹಾಗೇ ಇಲ್ಲವಂತೆ. ನಿಮಗೂ ಆರಾಮ.

ಮದುವೆಯಾದ ಹೊಸತರಲ್ಲಿ ಒಂದು ಸಲ, ಇಲ್ಲೇನೋ ಇರೋ ಹಾಗಿದೆ ನೋಡಿ ಅಂದದ್ದಕ್ಕೆ ನರ್ಸುಗಳ ಎದುರೇ ನನ್ನ ಮಾನ ಕಳೆದಿರಿ. ತೆಗೆಯೋದು ನಿನ್ನ ಕೆಲಸ, ಓದೋದು ನಂದು ಅಂದಿರಿ. ಸರಿ, ಬಾಯಿ ಮುಚ್ಚಿಕೊಂಡೆ. ಆದರೆ ತೆಗೆದ ಚಿತ್ರ ಪರದೆಗೆ ಬಂದ ಮೇಲೆ ಎಡ-ಬಲ ತಿಳಿಸುವ ಅಕ್ಷರವನ್ನು ಮೂಲೆಯಲ್ಲಿ ಕೂರಿಸುವವಳು ನಾನೇ ತಾನೇ? ಅನುಮಾನ ಬಂದ ಚಿತ್ರದಲ್ಲಿ ಅದನ್ನು ಸ್ವಲ್ಪ ಓರೆಯಾಗಿ ಕೂರಿಸತೊಡಗಿದೆ. ನಿಮಗೆ ಹೇಳಲಿಲ್ಲ, ನೀವೂ ಕೇಳಲಿಲ್ಲ. ಆದರೆ ಓರೆ ಅಕ್ಷರದ ಚಿತ್ರದ ಮುಂದೆ ನೀವು ಹೆಚ್ಚು ಹೊತ್ತು ಕೂರುತ್ತಿದ್ದಿರಿ. ಹದಿನಾಲ್ಕು ವರ್ಷ! ಊರೆಲ್ಲ ಡಾಕ್ಟರ ಕಣ್ಣನ್ನು ಹೊಗಳಿತು, ನೀವು ಬೆನ್ನು ತಟ್ಟಿಸಿಕೊಂಡು ಓಡಾಡಿದಿರಿ. ಆ ಕಣ್ಣಿಗೆ ಹೆತ್ತ ತಾಯಿಯ ಗೆಡ್ಡೆ ಮಾತ್ರ ಕಾಣಲಿಲ್ಲ. ಅದಕ್ಕೇ ನಾನು ಮನೆ ಬಿಟ್ಟೆ.

ಈಗ ಈ ಯಂತ್ರದ ಕಣ್ಣೂ ಅದೇ, ಗೆಡ್ಡೆಯ ಬದಲು ಓರೆ ಅಕ್ಷರವನ್ನೇ ನೋಡುತ್ತದೆ ಎಂದು ತಿಳಿಯಿತು. ಪರೀಕ್ಷೆಗೆ ಇಟ್ಟಿದ್ದ ಚಿತ್ರಗಳಲ್ಲಿ ಆ ಮೂಲೆಗೆ ಕಪ್ಪು ಬಳಿದು ನೋಡಿದೆ. ತೊಂಬತ್ತೆಂಟು ಐವತ್ತೊಂಬತ್ತಕ್ಕೆ ಇಳಿಯಿತು. ಕಲ್ಲಿನಂತೆ ಗಟ್ಟಿಮುಟ್ಟಾಗಿರುವ ನಮ್ಮ ಲ್ಯಾಬಿನ ಅಟೆಂಡರನ ಚಿತ್ರದಲ್ಲಿ ಅಕ್ಷರವನ್ನು ಓರೆ ಮಾಡಿದೆ. ಯಂತ್ರ ಅವನಿಗೆ ಗೆಡ್ಡೆ ಇದೆಯೆಂದಿತು. ಪಾಪ, ಅವನು ಎರಡು ದಿನ ಊಟ ಬಿಟ್ಟ. ನಿಮ್ಮಲ್ಲಿ ಈಗ ನನ್ನ ಜಾಗದಲ್ಲಿರುವ ಹುಡುಗಿ ಎಲ್ಲ ಅಕ್ಷರವನ್ನೂ ನೆಟ್ಟಗೇ ಕೂರಿಸುತ್ತಾಳೆ. ಒಂದನೇ ತಾರೀಕಿನಿಂದ ಎಷ್ಟು ಜನಕ್ಕೆ ‘ಏನೂ ಇಲ್ಲ’ ಎಂದು ಚೀಟಿ ಕೊಟ್ಟು ಸಾಯಲು ಮನೆಗೆ ಕಳಿಸುತ್ತೀರೋ, ನೀವೇ ಯೋಚಿಸಿ.

ಇದನ್ನೆಲ್ಲ ಪ್ರಬಂಧದ ಒಂದು ಅಧ್ಯಾಯವಾಗಿ ಬರೆದು ಗೈಡ್ ತೊಂಬತ್ತೆಂಟರ ಮುಂದೆ ಇಟ್ಟೆ. ಬೆವರು ಒರೆಸಿಕೊಂಡರು. ಆಮೇಲೆ, ನೀನು ಅಕ್ಷರ ಬೇಕಂತಲೇ ಓರೆ ಇಟ್ಟಿದ್ದೆ ಅನ್ನೋಕೆ ಸಾಕ್ಷಿ ಏನಮ್ಮ, ಅಜಾಗರೂಕತೆಯಿಂದ ಇಟ್ಟಿರಬಹುದಲ್ವಾ ಅಂದರು. ಆ ಚಿತ್ರಗಳನ್ನು ಓದಿದ ಡಾಕ್ಟರು ಬರೆದುಕೊಡಲಿ, ನಾನೇ ಆಸ್ಪತ್ರೆಗೆ ಹೇಳಿ ನಿಲ್ಲಿಸ್ತೀನಿ, ಇಲ್ಲದಿದ್ದರೆ ಈ ಅಧ್ಯಾಯ ತೆಗೆದುಬಿಡು, ಆಗಲೇ ನಿನ್ನ ಪ್ರಬಂಧಕ್ಕೆ ನನ್ನ ಸಹಿ ಅಂದರು. ಯಾವ ಡಾಕ್ಟರೂ ತನ್ನ ಹೆಸರನ್ನು ತಾನೇ ಮಣ್ಣುಪಾಲು ಮಾಡಿಕೊಳ್ಳುವುದಿಲ್ಲ ಎಂಬ ಧೈರ್ಯ ಅವರಿಗೆ. ನನಗೂ ನಿಮ್ಮ ಮೇಲೆ ಅದೇ ನಂಬಿಕೆ.

ಆದರೂ ಬರೆಯಿರಿ. ನನ್ನ ಹೆಂಡತಿ ಅಕ್ಷರ ಓರೆ ಮಾಡಿದ ಚಿತ್ರಗಳನ್ನೇ ನಾನು ಗಮನವಿಟ್ಟು ನೋಡುತ್ತಿದ್ದೆ ಎಂಬ ಒಂದು ಸಾಲು ಸಾಕು. ನಾನು ಅಧ್ಯಾಯ ತೆಗೆಯುವುದಿಲ್ಲ. ಪದವಿ ಹೋದರೆ ಹೋಗಲಿ.

ಇತಿ,
ಕಾಗದದ ಮೇಲೆ ಇನ್ನೂ ನಿಮ್ಮ ಹೆಂಡತಿಯಾಗಿರುವ
ನಾನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಗೆಡ್ಡೆ ಇತ್ತೆಂದು ಆಮೇಲೆ ಬೇರೆ ಪರೀಕ್ಷೆಗಳಲ್ಲಿ ಖಚಿತವಾದರೂ ಯಂತ್ರಕ್ಕೆ ಕಾಣದ ಚಿತ್ರಗಳು ಹನ್ನೊಂದು. ಹನ್ನೊಂದರಲ್ಲೂ ಅಕ್ಷರ ನೆಟ್ಟಗಿದೆ, ಹನ್ನೊಂದರಲ್ಲೂ ನೀವು ‘ಏನೂ ಇಲ್ಲ’ ಎಂದೇ ಬರೆದಿದ್ದೀರಿ. ಹೆಸರುಗಳನ್ನು ಅಳಿಸಿದ್ದಾರೆ. ಆದರೆ ಒಂದರಲ್ಲಿ ಎಡಗಡೆಯ ಕಾಲರ್ ಬೋನ್ ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಅತ್ತೆ ಮೆಟ್ಟಿಲಿನಿಂದ ಬಿದ್ದಾಗ ಅದಕ್ಕೆ ಪಟ್ಟಿ ಕಟ್ಟಿದವಳು ನಾನು, ಗುರುತು ಸಿಗದೇ ಇರುತ್ತದೆಯೇ? ಆ ಎದೆಯ ಚಿತ್ರ ತೆಗೆದವಳೂ ನಾನೇ. ಅವತ್ತು ಬೆಳಿಗ್ಗೆ ಅವರ ಜೊತೆ ಜಗಳವಾಗಿತ್ತು. ಚಿತ್ರವನ್ನು ನೋಡಲೇ ಇಲ್ಲ, ಅಕ್ಷರ ಕೂರಿಸಿ ಕಳಿಸಿಬಿಟ್ಟೆ. ಆಮೇಲೆ ಮೂರು ವರ್ಷ, ತಾಯಿಯನ್ನು ಕೊಂದ ಡಾಕ್ಟರು ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದೆ. ಅದನ್ನು ತೆಗೆದವಳು ನೀನೇ ಎಂದು ನೀವು ಒಂದೇ ಒಂದು ಸಲವೂ ಯಾರ ಮುಂದೆಯೂ ಅನ್ನಲಿಲ್ಲ. ಆ ಚಿತ್ರದ ಸಂಖ್ಯೆಯನ್ನು ಪ್ರಬಂಧದಲ್ಲಿ ನನ್ನ ತಪ್ಪು ಎಂದೇ ನಮೂದಿಸಿದ್ದೇನೆ.