ಬೋರ್ಡಿನಲ್ಲಿ ಇಲ್ಲದ ಹೆಸರು

ಫೆಬ್ರವರಿ 9, ಭಾನುವಾರ. ಮಧುರವಾಡ.

ವಿಜಯವಾಡದ ಆ ಮ್ಯೂಸಿಯಂನಿಂದ ಇವತ್ತು ಎರಡು ಸಲ ಕರೆ ಬಂತು. ಎತ್ತಲಿಲ್ಲ.

ಬೆಂಜ್ ಸರ್ಕಲ್ ಹತ್ತಿರದ ಆ ಮ್ಯೂಸಿಯಂನಲ್ಲಿ ಹಳೆಯ ರೇಸ್ ಕಾರುಗಳನ್ನು ಇಟ್ಟಿದ್ದಾರೆಂದು ನಿನ್ನೆ ನನ್ನನ್ನು ಕರೆದೊಯ್ದವಳು ಮಗಳು ಪ್ರತೀಕ್ಷಾ. ಶೋಳಾವರಂ ರೇಸ್ ಟ್ರ್ಯಾಕಿನಲ್ಲಿ ಓಡಿದ ನಮ್ಮ ಕೆಂಪು ಕಾರು ಅಲ್ಲಿತ್ತು. ಹೊಸ ಬಣ್ಣದಲ್ಲಿ ಅದು ನನಗಿಂತ ವಯಸ್ಸಿನಲ್ಲಿ ಚಿಕ್ಕದಾಗಿ ಕಂಡಿತು.

ಅದನ್ನು ಓಡಿಸಿದವನು ನಾನೇ ಎಂದು ಅವಳಿಗೆ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದೇನೆ. ಓಡಿಸುತ್ತಿದ್ದವನು ಗೆಳೆಯ ಚಂದ್ರಹಾಸ. ನಾನು ಅದು ಸ್ಟಾರ್ಟ್ ಆಗಲೆಂದು ಹಿಂದಿನಿಂದ ತಳ್ಳುತ್ತಿದ್ದೆ. ಮೊಣಕೈಯ ಕಲೆ ಕೂಡ ಅವಳಿಗೆ ಹೇಳಿದಂತೆ ರೇಸಿನ ಅಪಘಾತದ್ದಲ್ಲ, ತಳ್ಳುವಾಗ ಬಿಸಿ ಸೈಲೆನ್ಸರ್ ತಗುಲಿದ್ದು.

ಕಾರಿನ ಮುಂದಿನ ಬೋರ್ಡಿನಲ್ಲಿ ಚಂದ್ರಹಾಸನ ಹೆಸರೊಂದೇ ಇತ್ತು. ಅವಳು ಎರಡು ಸಲ ಓದಿದಳು.

"ಏನಪ್ಪಾ ಇದು? ನಿನ್ನ ಹೆಸರೇ ಇಲ್ಲ!"

"ಹಳೇ ಕಥೆ, ಬಿಡಮ್ಮ."

"ಹೇಗೆ ಬಿಡೋದು? ಕೈಯ ಕಲೆ ತೋರಿಸು ಇವರಿಗೆ."

ಆಗ ಹೇಳಬಹುದಿತ್ತು. ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಬರುವಷ್ಟರಲ್ಲಿ ಅವಳು ಸಂದರ್ಶಕರ ಪುಸ್ತಕದಲ್ಲಿ ಅರ್ಧ ಪುಟ ಜಗಳವಾಡಿ, ಕೆಳಗೆ ನನ್ನ ಫೋನ್ ನಂಬರು ಬರೆದಿದ್ದಳು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಅವರು ಫೋನ್ ಮಾಡಿದ್ರಾ?"

ಇಲ್ಲ ಅಂದೆ. ಇದು ಇನ್ನೊಂದು ಸುಳ್ಳು.

ದಣಿದಿದ್ದೇನೆ. ಫೋನನ್ನು ಅವಳ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ. ನಾಳೆ ಕರೆ ಬಂದರೆ ಅವಳೇ ಎತ್ತಲಿ.