ಎಡ ಹೆಗಲಿಗೆ ಎರಡು ಪದರ

ಮಾರ್ಚ್ ೧೧, ಮಂಗಳವಾರ

ಅಮ್ಮನಿಗೆ,

ಎಲ್ಲರೂ ಚೆನ್ನಾಗಿದ್ದೇವೆ ಎಂಬ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಫೋನಿನಲ್ಲಿ ಕೇಳಿದರೆ ನೀನು ಅಳುತ್ತೀಯ, ನಾನೇ ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೇ ಕಾಗದ.

ಹೊಸ ಕೆಲಸಕ್ಕೆ ಕೋಟು ಬೇಕಿತ್ತು. ಅಂಗಡಿಯ ಕೋಟುಗಳೆಲ್ಲ ನನಗೆ ಎಡಗಡೆ ಜೋಲುತ್ತವೆ. ಇಲ್ಲಿಗೆ ಬಂದ ಹನ್ನೆರಡು ವರ್ಷವೂ ನಾನು ಬೈದದ್ದು ಬಟ್ಟೆಗಳನ್ನೇ. ನಿನಗೆ ಹೇಳಿದರೆ, ಪರದೇಶದ ಬಟ್ಟೆ ನಿಂಗೆಲ್ಲಿ ಒಗ್ಗತ್ತೆ, ಅಮ್ಮನ ಕತ್ತರೀನೇ ಬೇಕು ಅನ್ನು, ಎಂದು ನೀನು ಬೀಗುತ್ತಿದ್ದೆ. ನೀನು ಹೊಲಿದ ಬಟ್ಟೆಯ ಪಾರ್ಸೆಲ್ ವರ್ಷಕ್ಕೊಂದು ಬರುತ್ತಿತ್ತು. ಕೋಟು ಮಾತ್ರ ನೀನು ಹೊಲಿಯುವುದಿಲ್ಲವಾದ್ದರಿಂದ ಇಲ್ಲಿಯ ದರ್ಜಿಯ ಹತ್ತಿರ ಹೋದೆ.

ಬೀದಿಯಿಂದ ಮೂರು ಮೆಟ್ಟಿಲು ಇಳಿದು ಹೋಗುವ ಅಂಗಡಿ. ಇಸ್ತ್ರಿಯ ಹಬೆ, ಒದ್ದೆ ಉಣ್ಣೆಯ ವಾಸನೆ. ದರ್ಜಿ ಕುಳ್ಳ ಮುದುಕ, ತುಟಿಯ ನಡುವೆ ಗುಂಡುಪಿನ್ನು. ಎಡ ಹೆಗಲು ಅಳೆದು ಒಂದು ಅಂಕಿ ಬರೆದ, ಬಲ ಹೆಗಲು ಅಳೆದು ಬೇರೊಂದು ಬರೆದ. ಇದೇನು ಎರಡು ಅಂಕಿ ಎಂದೆ. ಹೆಗಲೂ ಎರಡಿವೆಯಲ್ಲ ಎಂದ. ನಾನು ನಗದಿದ್ದುದನ್ನು ಕಂಡು ಗಾಬರಿಯಾಗಿ, ಎಡಗಡೆ ಮುಕ್ಕಾಲು ಇಂಚು ಕೆಳಗಿದೆ, ಬೆನ್ನು ಬಾಗಿದೆ, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ, ಎಂದ.

ಮೂವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು, ನೀನು ಹೊಲಿದ ರವಿಕೆಗಳನ್ನು ಹಾಸಿಗೆಯ ಮೇಲೆ ಹರಡಿ ಒಂದೊಂದರ ಹೊಲಿಗೆ ಬಿಚ್ಚಿದೆ. ಮದುವೆಯದರಿಂದ ಹೋದ ವರ್ಷದ್ದರವರೆಗೆ ಪ್ರತಿಯೊಂದರಲ್ಲೂ ಎಡ ಹೆಗಲಿನ ಲೈನಿಂಗ್ ಕೆಳಗೆ ಇನ್ನೆರಡು ಪದರ ಬಟ್ಟೆ, ಅಂಚು ಕಾಣದ ಹಾಗೆ ಕೈಹೊಲಿಗೆ. ಗಿರಾಕಿಗಳಿಗೆ ನೀನು ಅಷ್ಟು ಚೆಂದ ಹೊಲಿದದ್ದನ್ನು ನಾನು ನೋಡಿಲ್ಲ.

ಬೀದಿಯ ಹೆಂಗಸರ ಅಳತೆಯೆಲ್ಲ ನಿನ್ನ ಪುಸ್ತಕದಲ್ಲಿತ್ತು, ನನ್ನದೊಂದು ಇರಲಿಲ್ಲ. ಕೇಳಿದರೆ, ಹೆತ್ತೋಳಿಗೆ ಟೇಪು ಯಾಕೆ, ಕೈಗೇ ಗೊತ್ತಾಗತ್ತೆ ಎನ್ನುತ್ತಿದ್ದೆ. ಹೌದು, ಗೊತ್ತಾಗಿತ್ತು.

ಡಾಕ್ಟರು ಎಕ್ಸ್‌ರೇ ನೋಡಿ, ಚಿಕ್ಕಂದಿನಲ್ಲಿ ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಬೆಳೆಯುವ ವಯಸ್ಸಿನಲ್ಲಿ ಬೆನ್ನಿಗೆ ಬೆಲ್ಟ್ ಹಾಕಿದ್ದರೆ ಇಷ್ಟು ಬಾಗದಂತೆ ತಡೆಯಬಹುದಿತ್ತಂತೆ. ಈಗ ನೋವಿಗೆ ಮಾತ್ರೆ, ಬೆನ್ನಿಗೆ ವ್ಯಾಯಾಮ, ಅಷ್ಟೇ. ಬೆನ್ನು ನೋಯುತ್ತದೆ ಎಂದಾಗಲೆಲ್ಲ, ಇದು ಬಾಣಂತನದ ನೋವು ಕಣೇ ಎಂದು ನೀನು ಹೇಳಿದ್ದನ್ನು ಹತ್ತು ವರ್ಷ ನಂಬಿದ್ದೆ. ಯಾರೂ ಗಮನಿಸಲಿಲ್ಲ ಎಂದೇ ಡಾಕ್ಟರಿಗೆ ಹೇಳಿದೆ. ಗಮನಿಸಿದವಳು ಹೊಲಿದು ಮುಚ್ಚಿದಳು ಎಂದು ಹೇಳಲು ನನಗೇ ನಾಚಿಕೆಯಾಯಿತು.

ಯಾಕೆ ಹೀಗೆ ಮಾಡಿದೆ ಎಂದು ಕೇಳುವುದಿಲ್ಲ. ಹೆಣ್ಣುಮಗು ಬೆಲ್ಟ್ ಕಟ್ಟಿಕೊಂಡು ಓಡಾಡಿದರೆ ನಾಲ್ಕು ಜನ ಏನಂದಾರು, ಯಾರು ಮಾಡಿಕೊಂಡಾರು. ನೋಡಲು ಬಂದ ದಿನ ನಮ್ಮತ್ತೆ, ಹುಡುಗಿ ನಿಲುವು ಚೆನ್ನಾಗಿದೆ ಎಂದರು. ಆ ಮಾತನ್ನು ನೀನು ಮನೆಮನೆಗೂ ಹಂಚಿದೆ. ಅವರು ಹೊಗಳಿದ್ದು ನಿನ್ನ ಹೊಲಿಗೆಯನ್ನು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಮಗಳ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಫ್ರಾಕನ್ನೂ ಬಿಚ್ಚಿದೆ. ಅದರ ಎಡ ಹೆಗಲಲ್ಲಿ ಒಂದು ಪದರ ಇತ್ತು. ಅವಳಿಗೆ ಇನ್ನೂ ಹತ್ತು ವರ್ಷ, ಅಮ್ಮ. ನಾವು ರಜೆಗೆ ಊರಿಗೆ ಬಂದಾಗ ನೀನು ಅವಳನ್ನು ನಿಲ್ಲಿಸಿಕೊಂಡು ಬೆನ್ನ ಮೇಲೆ ಕೈಯಾಡಿಸಿದೆ. ನಾನು ಪಕ್ಕದಲ್ಲೇ ಕೂತು ಬಟಾಣಿ ಬಿಡಿಸುತ್ತಿದ್ದೆ. ನೀನು ಒಂದು ಮಾತು ಆಡಲಿಲ್ಲ. ನನ್ನ ಬೆನ್ನನ್ನು ಬೇಕಾದರೆ ಕ್ಷಮಿಸುತ್ತೇನೆ, ಅವಳದ್ದನ್ನು ಕ್ಷಮಿಸಲು ನಾನು ಯಾರು?

ಗುರುವಾರ ಅವಳನ್ನು ಅದೇ ಡಾಕ್ಟರಿಗೆ ತೋರಿಸುತ್ತೇನೆ. ಇನ್ನು ಅವಳಿಗೆ ಏನನ್ನೂ ಹೊಲಿಯಬೇಡ.

ನಿನ್ನ ಮಗಳು

ತಾ.ಕ.: ಇವರಿಗೆ ಇದಾವುದೂ ಗೊತ್ತಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಮೇಲೆ ಈಗ ತಿಳಿಯುವುದು ಬೇಡ. ಮಗಳನ್ನು ಕಣ್ಣಿನ ಪರೀಕ್ಷೆಗೆ ಕರೆದೊಯ್ಯುತ್ತೇನೆ ಎಂದಿದ್ದೇನೆ. ಈ ಕಾಗದ ತಲುಪಿದ ಮೇಲೆ ಭಾನುವಾರ ನೀನು ಫೋನು ಮಾಡಿದಾಗ ಇವರೇ ಎತ್ತಿದರೆ ಬಾಯಿ ಬಿಡಬೇಡ. ಅವಳಿಗೆ ಬೆಲ್ಟ್ ಹಾಕಲೇಬೇಕು ಎಂದು ಡಾಕ್ಟರು ಹೇಳಿಬಿಟ್ಟರೆ ಇವರಿಗೆ ಏನು ಹೇಳುವುದೋ ತೋಚುತ್ತಿಲ್ಲ. ನಿನಗೇನಾದರೂ ಹೊಳೆದರೆ ಬರೆ.