ಹಳದಿ ಕಾಡಿನಲ್ಲಿ ಹಳದಿ ಗುರುತು

ಕಾಡುದಾರಿ ಮತ್ತು ಜಲಮಾರ್ಗ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮೊದಲು ‘ಮಾನ್ಯರೇ’ ಅಂತ ಹಾಕಬೇಕು ಎಂದು ಅಕ್ಕ ಹೇಳಿದಳು. ಹಾಕಿದ್ದೇನೆ ಅಂದುಕೊಳ್ಳಿ. ವಿಷಯ ಇಷ್ಟೇ. ವರ್ಷಕ್ಕೊಮ್ಮೆ ಎಲೆಗಳೆಲ್ಲ ಹಳದಿಯಾಗುವ ಕಾಡಿನಲ್ಲಿ ನೀವು ದಾರಿ ಗುರುತುಗಳಿಗೆ ಹಳದಿ ಬಣ್ಣ ಬಳಿಸಿದ್ದೀರಿ. ಅದರಿಂದ ನನ್ನ ಭಾವ ಸತ್ತರು. ಹನ್ನೊಂದು ತಿಂಗಳಾದ ಮೇಲೆ, ಹೋದ ವಾರ, ನಿಮ್ಮ ವರದಿ ಮನೆಗೆ ಬಂತು. ಸಾವಿಗೆ ಕಾರಣ ಎಂಬ ಕಡೆ ‘ಮೃತರ ನಿರ್ಲಕ್ಷ್ಯ’ ಅಂತ ಬರೆದಿದ್ದೀರಿ. ಆ ಮಾತಿಗಾಗಿ ಈ ಪತ್ರ. ನಿಮ್ಮ ಕಚೇರಿಗೆ ಹೋದ ಕಾಗದಗಳ ಗತಿ ಏನಾಗುತ್ತದೆ ಎಂದು ನೋಡಿದ್ದೇವೆ, ಅದಕ್ಕೇ ಪೇಪರಿಗೆ ಕಳಿಸುತ್ತಿದ್ದೇನೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದರಲ್ಲಿ ನಿಮ್ಮವರ ಕೈ ಚೆನ್ನಾಗಿದೆ. ಆದರೆ ಹಳದಿಯ ಮೇಲೆ ಹಳದಿ ಕಾಣುವುದಿಲ್ಲ ಅನ್ನುವುದಕ್ಕೆ ಹತ್ತನೇ ಕ್ಲಾಸು ಬೇಕೇ? ನಿಮ್ಮ ಪರಿಶೀಲನೆಯವರು ಪ್ರತಿ ವರ್ಷ ಬೇಸಿಗೆಯಲ್ಲಿ ಬರುತ್ತಾರೆ. ಕಾಡು ಹಸಿರಾಗಿರುತ್ತದೆ, ಹಳದಿ ಗುರುತು ಎದ್ದು ಕಾಣುತ್ತದೆ. ಫೋಟೋ ತೆಗೆಯುತ್ತಾರೆ, ‘ಸ್ಪಷ್ಟವಾಗಿ ಗೋಚರಿಸುತ್ತದೆ’ ಅಂತ ಬರೆಯುತ್ತಾರೆ, ದೋಣಿ ಬಾಡಿಗೆಗೆ ಕೊಡುವ ನಮ್ಮ ಶೆಡ್ಡಿನಲ್ಲಿ ಟೀ ಕುಡಿದು ಹೋಗುತ್ತಾರೆ. ಎಲೆ ಹಳದಿಗೆ ತಿರುಗಿದ ಮೇಲೆ ಒಬ್ಬರಾದರೂ ಬಂದಿದ್ದಾರೆಯೇ? ಜನ ಬರುವುದು ಆಗಲೇ ಸ್ವಾಮೀ. ಬಣ್ಣ ನೋಡಲೆಂದೇ ಬರುತ್ತಾರೆ.

ಭಾವ ಮೂರು ಅರ್ಜಿ ಕೊಟ್ಟರು, ಗುರುತಿಗೆ ನೀಲಿ ಬಳಿಯಿರಿ ಎಂದು. ಮೂರನೆಯದನ್ನು ಕೊಡಲು ನಾನೂ ಜೊತೆಗೆ ಹೋಗಿದ್ದೆ. ನಿಮ್ಮ ಗುಮಾಸ್ತರು ಒಂದು ದಪ್ಪ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದರು.

“ನೋಡಪ್ಪ, ಮಾದರಿಯಲ್ಲಿ ಹಳದಿ ಅಂತಿದೆ. ನಾನೇನು ಮಾಡ್ಲಿ?”

“ಒಂದ್ಸಲ ಬಂದು ನೋಡಿ ಸಾರ್,” ಅಂದರು ಭಾವ.

“ನಾನು ಬಂದ್ರೆ ಪುಸ್ತಕ ಬದಲಾಗುತ್ತಾ?”

ಭಾವ ನಕ್ಕುಬಿಟ್ಟರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅವರ ಪಾಲಿನದೂ ನನಗೇ ಬಂದಿದೆ. ವಾಪಸ್ ಬಂದವರು ದೋಣಿಗೆ ಬಳಿಯುವ ನೀಲಿ ಬಣ್ಣ ತೆಗೆದುಕೊಂಡು ಹೋಗಿ, ದೋಣಿಯವರು ದಡ ಹತ್ತುವ ಜಾಗದ ಮರಕ್ಕೆ ಒಂದು ಪಟ್ಟಿ ಬಳಿದರು. ಅಲ್ಲಿಂದ ನೂರು ಮಾರು ಕೆಳಗೆ ಹೊಳೆ ಬಂಡೆಗಳ ಮೇಲೆ ಧುಮುಕುತ್ತದೆ. ಅಲ್ಲಿ ಹತ್ತದಿದ್ದರೆ ಮುಂದೆ ಹತ್ತಲು ಜಾಗವಿಲ್ಲ. ಮೂರನೆಯ ದಿನಕ್ಕೆ ನಿಮ್ಮ ಆಳು ಬಂದು ಅದರ ಮೇಲೆ ಹಳದಿ ಹೊಡೆದು, ‘ಸಾರ್ವಜನಿಕ ಮರಕ್ಕೆ ಹಾನಿ’ ಎಂದು ನೋಟಿಸ್ ಅಂಟಿಸಿ ಹೋದ. ಮೂರು ಅರ್ಜಿಗೆ ಎರಡು ವರ್ಷ ಉತ್ತರವಿಲ್ಲ, ಒಂದು ಪಟ್ಟಿಗೆ ಮೂರೇ ದಿನ. ನಿಮ್ಮ ಕಚೇರಿ ನಿಧಾನ ಅನ್ನುವವರು ಇನ್ನು ಮೇಲೆ ಬಾಯಿ ಮುಚ್ಚಿಕೊಳ್ಳಲಿ.

ನಮ್ಮ ಶೆಡ್ಡಿನಲ್ಲಿ ಒಂದು ಗೋಡೆ ತುಂಬ ಮೊಳೆಗಳಿವೆ. ಒಂದೊಂದು ಮೊಳೆಗೆ ಒಂದು ನಂಬರು, ಒಂದೊಂದಕ್ಕೆ ದೋಣಿಯ ಒಂದು ಹುಟ್ಟು. ಹುಟ್ಟು ಹೊಳೆಗೆ ಹೋದರೆ ಮೊಳೆ ಖಾಲಿ. ಮೊಳೆ ಖಾಲಿ ಇದ್ದಷ್ಟು ಹೊತ್ತು ಶೆಡ್ಡಿಗೆ ಬೀಗ ಹಾಕುವಂತಿಲ್ಲ, ಯಾರೂ ಊಟಕ್ಕೆ ಕೂರುವಂತಿಲ್ಲ. ಇದು ಭಾವ ಮಾಡಿದ ಕಾನೂನು. ಪುಸ್ತಕದಲ್ಲಿಲ್ಲ.

ಆ ದಿನ ಮಧ್ಯಾಹ್ನ ಗಡಿಯಾರ ರಿಪೇರಿ ಮಾಡುವ ಒಬ್ಬ ಯಜಮಾನರು ಹೆಂಡತಿಯ ಜೊತೆ ಬಂದರು. ಏಳು ಮತ್ತು ಎಂಟನೇ ನಂಬರಿನ ಹುಟ್ಟು ತೆಗೆದುಕೊಂಡರು. ಮೂರಕ್ಕೆ ಗುರುತಿನ ಮರದ ಹತ್ತಿರ ದಡ ಹತ್ತಿ, ಅಲ್ಲಿಂದ ಕಾಲುದಾರಿಯಲ್ಲಿ ರಸ್ತೆಗೆ ಬಂದರೆ ನಮ್ಮ ವ್ಯಾನು ಕಾಯುತ್ತಿರುತ್ತದೆ ಎಂದು ಭಾವ ವಿವರಿಸಿದರು.

“ಗಡಿಯಾರದ ಕೆಲಸದವನಪ್ಪ ನಾನು. ಮೂರು ಅಂದ್ರೆ ಮೂರೇ,” ಅಂದರು ಯಜಮಾನರು.

“ಹಾಗಾದ್ರೆ ಮೂರೂಕಾಲಿಗೆ ಹುಡುಕ್ಕೊಂಡು ಬರ್ತೀನಿ ನೋಡಿ,” ಅಂದರು ಭಾವ. ಎಲ್ಲರೂ ನಕ್ಕೆವು.

ರಸ್ತೆಯಲ್ಲಿ ವ್ಯಾನಿನ ಜೊತೆ ಕಾಯುತ್ತಿದ್ದವನು ನಾನು. ಮೂರೂಕಾಲಾದರೂ ಯಾರೂ ಬಂದಿಲ್ಲ ಎಂದು ಶೆಡ್ಡಿಗೆ ಫೋನ್ ಮಾಡಿದೆ. ಭಾವ ಒಂದನೇ ಮೊಳೆಯಿಂದ ತಮ್ಮ ಹುಟ್ಟು ತೆಗೆದುಕೊಂಡು ಹೊಳೆಗಿಳಿದರು. ಹೊರಡುವ ಮುಂಚೆ ನಿಮ್ಮ ತುರ್ತು ನಂಬರಿಗೆ ಅಕ್ಕ ಮೂರು ಸಲ ಮಾಡಿದಳು. ಸೀಸನ್ ಮುಗಿದಿದೆ, ಬೇಸಿಗೆಯಲ್ಲಿ ಸಂಪರ್ಕಿಸಿ ಎಂದು ಒಂದು ಹೆಣ್ಣು ದನಿ ಬಲು ಮರ್ಯಾದೆಯಿಂದ ಹೇಳಿತು. “ವ್ಯಾನಲ್ಲಿರೋ ಹಗ್ಗ ತಗೊಂಡು ನೀನು ಕಾಲುದಾರೀಲಿ ಬಾರೋ, ದಡದಲ್ಲಿ ಸಿಕ್ಕು,” ಅಂದಿದ್ದರು ಭಾವ ನನಗೆ, ಫೋನಿನಲ್ಲಿ. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ರಸ್ತೆಯಿಂದ ಹೊಳೆಗೆ ಹದಿನೈದು ನಿಮಿಷದ ದಾರಿ. ನಾನು ನೂರಾರು ಸಲ ನಡೆದದ್ದು. ಆದರೆ ಹಿಂದಿನ ದಿನದ ಗಾಳಿಗೆ ಎಲೆ ಉದುರಿ ದಾರಿ ಮುಚ್ಚಿಹೋಗಿತ್ತು. ನೆಲ ಹಳದಿ, ಮರ ಹಳದಿ. ಓಡುತ್ತಿದ್ದವನು ಗುರುತು ನೋಡಿಕೊಂಡೇ ಓಡಿದೆ. ಬಳಿ ಹೋಗಿ ನೋಡಿದರೆ ಅದು ಗುರುತಲ್ಲ, ತೊಗಟೆಗೆ ಒದ್ದೆಯಾಗಿ ಅಂಟಿಕೊಂಡ ಎಲೆ. ಅದರಾಚೆ ಇನ್ನೊಂದು, ಅದೂ ಎಲೆ. ತಿರುಗಿ ನೋಡಿದರೆ ಬಂದ ದಾರಿಯೂ ಇಲ್ಲ. ಹೊಳೆಯ ಸದ್ದು ಎಲ್ಲ ಕಡೆಯಿಂದಲೂ ಕೇಳುತ್ತಿತ್ತು. ನಲವತ್ತು ನಿಮಿಷ ಮುಖ್ಯಾಧಿಕಾರಿಗಳೇ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ನಾನು ನಿಮ್ಮ ಕಾಡಿನಲ್ಲಿ ಸುತ್ತಿದೆ.

ನಾನು ಹೊಳೆ ಮುಟ್ಟಿದಾಗ ಆ ಇಬ್ಬರೂ ದಡದಲ್ಲಿ ನಡುಗುತ್ತಾ ಕೂತಿದ್ದರು. ಅವರ ದೋಣಿ ಬಂಡೆಗೆ ಬಡಿದು ಮಗುಚಿತ್ತು, ಇಬ್ಬರೂ ಬಂಡೆಯ ಮೇಲೆ ಹತ್ತಿ ಕೂತಿದ್ದರಂತೆ. ಭಾವ ಒಬ್ಬೊಬ್ಬರನ್ನಾಗಿ ಎಳೆದು ದಡಕ್ಕೆ ಹಾಕಿದ್ದರು. ಎರಡನೆಯವರನ್ನು ನೂಕಿದಾಗ ಭಾವನ ಕಾಲೇ ಜಾರಿತ್ತು. ನಡುಹೊಳೆಯ ಬಂಡೆಯೊಂದನ್ನು ತಬ್ಬಿಕೊಂಡು ಅರ್ಧ ಗಂಟೆ ಇದ್ದರಂತೆ. ಆ ಕಾಲದ ನೀರಿನಲ್ಲಿ ಹತ್ತು ನಿಮಿಷಕ್ಕೆ ಬೆರಳು ನಮ್ಮ ಮಾತು ಕೇಳುವುದಿಲ್ಲ. “ಬರ್ತಾನೆ, ನನ್ ಭಾಮೈದ ಹಗ್ಗ ತರ್ತಾನೆ” ಎಂದು ಆ ಮುದುಕರಿಗೆ ಇವರೇ ಧೈರ್ಯ ಹೇಳುತ್ತಿದ್ದರಂತೆ. ನಾನು ಬರುವುದಕ್ಕೆ ಸ್ವಲ್ಪ ಮುಂಚೆ ಮಾತು ನಿಂತಿತು. ಆಮೇಲೆ ಕೈ ಬಿಟ್ಟಿತು.

“ಗುರುತು ಹುಡುಕ್ತಾನೇ ಇದ್ವಪ್ಪ,” ಅಂದರು ಆ ಅಮ್ಮ, ನನ್ನ ಕೈ ಹಿಡಿದುಕೊಂಡು. “ಎಲ್ಲಾ ಮರಾನೂ ಗುರುತಿನ ಥರಾನೇ ಕಾಣ್ತಿತ್ತು.”

ಈ ಮಾತು ನಿಮ್ಮ ಹದಿನಾರು ಪುಟದ ವರದಿಯಲ್ಲಿ ಎಲ್ಲಿದೆ? ಹುಡುಕಿದೆ, ಇಲ್ಲ. ಭಾವ ಅನುಮತಿ ಪಡೆಯದೆ ನೀರಿಗಿಳಿದರು ಅಂತಿದೆ. ಯಾರ ಅನುಮತಿ? ಬೇಸಿಗೆಯಲ್ಲಿ ಸಂಪರ್ಕಿಸಿ ಅಂದವಳದೇ? ಮುಳುಗುವವರನ್ನು ಬೇಸಿಗೆವರೆಗೆ ತಡೆದುಕೊಳ್ಳಿ ಅನ್ನಬೇಕಿತ್ತೇ? ಭಾವ ದಾರಿ ತಪ್ಪಲಿಲ್ಲ, ಹೊತ್ತು ತಪ್ಪಲಿಲ್ಲ, ಹೇಳಿದ ಮೂರೂಕಾಲಿಗೇ ಹೊರಟರು. ತಡವಾಗಿ ಬಂದವನು ನಾನು. ನಿರ್ಲಕ್ಷ್ಯ ಅಂತ ಬರೆಯಲೇಬೇಕಿದ್ದರೆ ನನ್ನ ಹೆಸರಿನ ಮುಂದೆ ಬರೆಯಿರಿ, ಅದರ ಪಕ್ಕದಲ್ಲಿ ನಿಮ್ಮದೂ ಇರಲಿ. ಅವರ ಮುಂದೆ ಬೇಡ. ಅಕ್ಕ ಆ ಪುಟವನ್ನು ಮಡಿಚಿ ಡಬ್ಬಿಯಲ್ಲಿಟ್ಟಿದ್ದಾಳೆ, ಅವರ ಮಗಳಿಗೆ ಓದಲು ಬರುತ್ತದೆ, ಅವಳ ಕಣ್ಣಿಗೆ ಬೀಳದಿರಲಿ ಎಂದು.

ಇನ್ನು ಮೂರು ವಾರಕ್ಕೆ ಎಲೆ ಹಳದಿಗೆ ತಿರುಗುತ್ತದೆ. ಅಷ್ಟರೊಳಗೆ ನೀಲಿ ಬಳಿಸಿ. ನಿಮ್ಮ ಆಳು ಬರದಿದ್ದರೆ ನಾನೇ ಬಳಿಯುತ್ತೇನೆ, ದಡದಿಂದ ರಸ್ತೆಯವರೆಗೆ ಒಂದೊಂದು ಮರಕ್ಕೂ. ನೋಟಿಸ್ ಎಷ್ಟು ಬೇಕಾದರೂ ಅಂಟಿಸಿ, ಮರ ಸಾಲುವುದಿಲ್ಲ. ವರದಿಯಿಂದ ಆ ಮಾತು ತೆಗೆಯಿರಿ. ಮತ್ತೆ, ಸಾಕ್ಷಿ ಅಂತ ನಿಮ್ಮವರು ಎತ್ತಿಕೊಂಡು ಹೋದ ಭಾವನ ಹುಟ್ಟು ನಿಮ್ಮ ಕಚೇರಿಯಲ್ಲಿ ಬಾಗಿಲ ಹಿಂದೆ ನಿಂತಿದೆ, ಪೊರಕೆ ಪಕ್ಕದಲ್ಲಿ. ಅದಕ್ಕೆ ಚೀಟಿ ಕಟ್ಟಿದ್ದೀರಿ. ತನಿಖೆ ಮುಗಿಯಿತಲ್ಲ, ಇನ್ನು ಕೊಡಿ.

ಏಕೆಂದರೆ ಒಂದನೇ ಮೊಳೆ ಖಾಲಿ ಇದೆ. ಹನ್ನೊಂದು ತಿಂಗಳಿಂದ ಅಕ್ಕ ಶೆಡ್ಡಿಗೆ ಬೀಗ ಹಾಕಿಲ್ಲ.

ಇಂತಿ,
ಹಗ್ಗ ಹೊತ್ತುಕೊಂಡು ತಡವಾಗಿ ಬಂದ ಭಾಮೈದ